ಸುದ್ದಿ ತಂದವನನ್ನು ಬದಲಾಯಿಸುವ ಮುನ್ನ

ಕೆಟ್ಟ ಸುದ್ದಿ ಬಂದಾಗ ಮೊದಲು ಯಾರನ್ನು ಅನುಮಾನಿಸಬೇಕು? ಸುದ್ದಿಯನ್ನೋ, ಅದನ್ನು ತಂದವನನ್ನೋ? ಕೇಳುವುದಕ್ಕೆ ಇದು ತತ್ತ್ವಶಾಸ್ತ್ರದ ಪ್ರಶ್ನೆ. ಆದರೆ ಹಳೆಯ ಕಾರು ಇಟ್ಟುಕೊಂಡವರಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಂಡ ದಿನವೇ ಇದು ಎದುರಾಗುತ್ತದೆ.

ಪುಣೆಯಲ್ಲಿ ನಾನು ಓಡಿಸುವುದು 2014ರ ಪೆಟ್ರೋಲ್ ಕಾರು. ಕಳೆದ ಮಳೆಗಾಲದಲ್ಲಿ ಅದರ ಚೆಕ್ ಎಂಜಿನ್ ದೀಪ ಹೊತ್ತಿತು. ಎಂಜಿನ್ ತಣ್ಣಗಿದ್ದಾಗಲೂ ರೇಡಿಯೇಟರ್ ಫ್ಯಾನ್ ಬಿಡದೆ ತಿರುಗತೊಡಗಿತು. ಬ್ಲೂಟೂತ್ ರೀಡರ್ ಸಿಕ್ಕಿಸಿ ನೋಡಿದರೆ ಕೋಡ್ ಪಿ0118, ಕೂಲಂಟ್ ತಾಪಮಾನ ಮೈನಸ್ 40 ಡಿಗ್ರಿ! "ಕೋಡ್ ಅಳಿಸಿಬಿಡಿ, ದೀಪ ಆರುತ್ತದೆ" ಎಂದರು ಪಕ್ಕದ ಫ್ಲ್ಯಾಟಿನವರು. "ಸೆನ್ಸರ್ ಹೋಗಿದೆ ಸರ್, ಬದಲಾಯಿಸೋಣ" ಎಂದರು ಮೆಕ್ಯಾನಿಕ್, ಕಾರು ನೋಡದೆ ಫೋನಿನಲ್ಲೇ. ಒಬ್ಬರು ಸುದ್ದಿಯನ್ನು ಅಳಿಸಲು ಹೇಳಿದರು, ಇನ್ನೊಬ್ಬರು ಸುದ್ದಿಗಾರನನ್ನು ಕಿತ್ತುಹಾಕಲು ಹೇಳಿದರು. ಪರೀಕ್ಷಿಸಿ ಎಂದು ಯಾರೂ ಹೇಳಲಿಲ್ಲ.

ಈ ಸೆನ್ಸರ್ ಒಂದು ಪುಟ್ಟ ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು 5 ವೋಲ್ಟ್ ಒದಗಿಸಿ, ಅದರಲ್ಲಿ ಎಷ್ಟು ಇಳಿಯಿತು ಎಂಬುದರಿಂದ ಬಿಸಿಯನ್ನು ಲೆಕ್ಕಹಾಕುತ್ತದೆ. ಸೆನ್ಸರ್ ಒಳಗೇ ಕಡಿದುಹೋದರೂ, ತಂತಿ ತುಂಡಾದರೂ, ಕನೆಕ್ಟರಿನ ಪಿನ್ ಕಿಲುಬು ಹಿಡಿದರೂ ಅದಕ್ಕೆ ಕಾಣುವುದು ಒಂದೇ: ಇಳಿಯದ 5 ವೋಲ್ಟ್, ಅಂದರೆ ಕೊರೆಯುವ ಚಳಿ. ಹಾಗಾಗಿ ಪಿ0118 ಹೇಳುವುದು 'ಈ ದಾರಿಯಲ್ಲಿ ಎಲ್ಲೋ ತೊಂದರೆ' ಎಂದಷ್ಟೆ. 'ಸೆನ್ಸರ್ ಕೆಟ್ಟಿದೆ' ಎಂಬುದು ನಾವು ಸೇರಿಸಿಕೊಂಡ ಮಾತು.

ನಮ್ಮ ದಾರ್ಶನಿಕರು ಇದನ್ನು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಜ್ಞಾನ ತಾನಾಗಿಯೇ ಪ್ರಮಾಣ, ಬೇರೊಂದು ಅರಿವು ಅದನ್ನು ಅಲ್ಲಗಳೆಯುವವರೆಗೆ ಅಥವಾ ಅದು ಬಂದ ಮೂಲದಲ್ಲೇ ದೋಷ ಕಾಣುವವರೆಗೆ ನಂಬಬೇಕು ಎಂದರು ಮೀಮಾಂಸಕರಾದ ಕುಮಾರಿಲ ಭಟ್ಟರು. ಇಲ್ಲ, ಅದರ ಪ್ರಾಮಾಣ್ಯ ಹೊರಗಿನಿಂದ ಖಚಿತವಾಗಬೇಕು ಎಂದರು ನೈಯಾಯಿಕರು. ದೂರದಲ್ಲಿ ನೀರು ಕಂಡರೆ ಹೋಗಿ ಕುಡಿದು ನೋಡು, ದಾಹ ತೀರಿದರೆ ಕಂಡದ್ದು ನಿಜ. ಇಸಿಯು ಮೀಮಾಂಸಕ. ಅಳತೆ ಸಂಭವನೀಯ ಮಿತಿಯೊಳಗಿರುವ ತನಕ ನಂಬುತ್ತದೆ. ಮಿತಿ ಮೀರಿದರೆ ದೀಪ ಹೊತ್ತಿಸಿ, 'ಒಂದು ವೇಳೆ ಎಂಜಿನ್ ಕಾದಿದ್ದರೆ?' ಎಂದು ಜಾಗರೂಕತೆಗೆ ಫ್ಯಾನ್ ಓಡಿಸುತ್ತದೆ. ನೈಯಾಯಿಕನಾಗಿ ಇಳಿದು ನೋಡುವ ಕೆಲಸ ನಮ್ಮದು.

ಭಾನುವಾರ ಎಂಜಿನ್ ಪೂರ್ತಿ ತಣಿದ ಮೇಲೆ ಕನೆಕ್ಟರ್ ಕಳಚಿ, ಅದರ ಎರಡು ಪಿನ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದೆ. ರೀಡರಿನ ಅಂಕಿ ಮೈನಸ್ 40ರಿಂದ ನೇರ ಅತಿ ಬಿಸಿಯ ತುದಿಗೆ ಜಿಗಿಯಿತು. ಅಂದರೆ ತಂತಿ ಸರಿಯಿದೆ, ಇಸಿಯು ಸರಿಯಿದೆ. ಸೆನ್ಸರಿಗೆ ಮಲ್ಟಿಮೀಟರ್ ಹಿಡಿದರೆ ಅಂಕಿಯೇ ಇಲ್ಲ. ಕೆಲವು ನೂರು ರೂಪಾಯಿಯ ಹೊಸ ಸೆನ್ಸರನ್ನು ಮೊದಲು ಅಡುಗೆಮನೆಯ ಬಿಸಿನೀರಿನಲ್ಲಿ ಅದ್ದಿ ಓಮ್ ಇಳಿಯುವುದನ್ನು ನೋಡಿ, ಹೊಸ ವಾಷರ್ ಹಾಕಿ ಕೂರಿಸಿ, ಕಡಿಮೆಯಾದ ಕೂಲಂಟ್ ತುಂಬಿಸಿದೆ. ಮೆಕ್ಯಾನಿಕ್ ಹೇಳಿದ್ದೇ ನಿಜವಾಯಿತು.

ಹಾಗಾದರೆ ಪರೀಕ್ಷೆ ದಂಡವೇ? ನನಗೆ ಹಾಗೆನಿಸುವುದಿಲ್ಲ. ಪರೀಕ್ಷೆ ಮಾಡುವುದು ಸುದ್ದಿಗಾರ ಸರಿ ಎಂಬ ನಂಬಿಕೆಯಿಂದಲ್ಲ. ಅವನು ತಪ್ಪು ಎಂದು ಹೇಳುವ ಹಕ್ಕನ್ನು ನಾವು ಗಳಿಸಿಕೊಳ್ಳಬೇಕು, ಅದಕ್ಕಾಗಿ.

ನನ್ನ ವೃತ್ತಿಯಲ್ಲಿ ಇದರ ಬೆಲೆ ಹೆಚ್ಚು. ನಮ್ಮ ವಾರದ ವರದಿಗೆ ಮೂರು ಬಣ್ಣ: ಹಸಿರು, ಹಳದಿ, ಕೆಂಪು. ತಂಡದ ಟೆಸ್ಟರ್ ಒಬ್ಬಳು ಸತತ ಆರು ವಾರ ಕೆಂಪು ಬರೆದಳು. "ಆ ಹುಡುಗಿಗೆ ಎಲ್ಲವೂ ಕೆಂಪೇ. ಬೇರೆ ಯಾರನ್ನಾದರೂ ಹಾಕಿ" ಎಂಬ ಸಲಹೆ ಮೇಲಿನಿಂದ ಬಂತು. ಒಂದು ವಾರ ಕೇಳಿ, ಅವಳ ಹನ್ನೊಂದು ದೂರುಗಳನ್ನೂ ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಿದೆ. ಮೂರು ಹುರುಳಿಲ್ಲದವು, ಎಂಟು ನಿಜ. ಬಿಡುಗಡೆ ಮೂರು ವಾರ ಮುಂದೆ ಹೋಯಿತು. ಅದರ ವಿವರಣೆ ಕೊಡುವ ಸುಖವಲ್ಲದ ಸರದಿ ನನ್ನದಾಯಿತು. ಅವಳು ತಂಡದಲ್ಲೇ ಉಳಿದಳು.

ಕಾರಿಗೂ ತಂಡಕ್ಕೂ ಒಂದು ವ್ಯತ್ಯಾಸವಿದೆ. ಹಳೆಯ ಸೆನ್ಸರನ್ನು ಯಾಕೆ ಕಿತ್ತರೆಂದು ಹೊಸ ಸೆನ್ಸರಿಗೆ ಗೊತ್ತಿರುವುದಿಲ್ಲ. ಅದು ತಾನು ಕಂಡ ಬಿಸಿಯನ್ನೇ ಹೇಳುತ್ತದೆ. ಕೆಂಪು ಬರೆದವಳನ್ನು ತೆಗೆದು ತಂದ ಹೊಸಬನಿಗೆ ಮಾತ್ರ ಎಲ್ಲವೂ ಗೊತ್ತಿರುತ್ತದೆ. ಅವನು ಮೊದಲ ವಾರದಿಂದಲೇ ಹಸಿರು ಬರೆಯುತ್ತಾನೆ. ಆ ಹಸಿರು ಮಿತಿಯೊಳಗಿನ ಅಳತೆಯಂತೆ ಕಾಣುವುದರಿಂದ ಯಾವ ದೀಪವೂ ಹೊತ್ತುವುದಿಲ್ಲ, ಯಾವ ಫ್ಯಾನೂ ತಿರುಗುವುದಿಲ್ಲ. ಎಂಜಿನ್ ಕಾಯುತ್ತಿರುವುದು ಹೊಗೆ ಎದ್ದ ಮೇಲೆಯೇ ನಮಗೆ ತಿಳಿಯುತ್ತದೆ.