ಸಂಖ್ಯಾತ, ಅಸಂಖ್ಯಾತ, ಅನಂತ

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳ್ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಹೆಸರಿಸಿದ ಕೊಪಣನಗರವೇ ಇಂದಿನ ಕೊಪ್ಪಳ. ಮಹಾತೀರ್ಥವೆಂದು ಶಾಸನಗಳು ಕೊಂಡಾಡಿದ ಈ ಊರಿನ ಬೆಟ್ಟಗಳಲ್ಲಿ ತಪಸ್ಸು ಮಾಡಿ, ಸಲ್ಲೇಖನದಿಂದ ದೇಹವನ್ನು ತ್ಯಜಿಸಿದ ಜೈನಮುನಿಗಳ ಲೋಕದೃಷ್ಟಿಗೆ ಅಹಿಂಸೆಯಂತೆಯೇ ಸಂಖ್ಯಾವಿಚಾರವೂ ಒಂದು ಆಧಾರವಾಗಿತ್ತೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಆ ದರ್ಶನವು ಗಣನೆಯನ್ನು ಸಂಖ್ಯಾತ, ಅಸಂಖ್ಯಾತ, ಅನಂತವೆಂದು ಮೂರಾಗಿ ವಿಭಾಗಿಸುತ್ತದೆ. ಎಣಿಸಲು ಬೇಸರವಾದೊಡನೆ ‘ಲೆಕ್ಕವಿಲ್ಲದಷ್ಟು’ ಎಂದುಬಿಡುವ ನಮ್ಮ ರೂಢಿಯನ್ನು ಅದು ಒಪ್ಪದು. ಗಂಗಾವತಿಯ ಕಣದಲ್ಲಿ ರಾಶಿಗೊಂಡ ಬತ್ತದ ಕಾಳುಗಳನ್ನು ಯಾರೂ ಎಣಿಸಿಲ್ಲ, ಎಣಿಸುವುದೂ ಇಲ್ಲ. ಆದರೂ ಅವುಗಳ ಮೊತ್ತವು ಸಮವೋ ವಿಷಮವೋ, ಏಳರಿಂದ ನಿಶ್ಶೇಷವಾಗಿ ಭಾಗವಾಗುವುದೋ ಇಲ್ಲವೋ ಎಂಬುದು ಈ ಕ್ಷಣದಲ್ಲಿಯೇ ನಿಶ್ಚಿತವಾಗಿದೆ. ನಮ್ಮ ಅಜ್ಞಾನವು ಸಂಖ್ಯೆಯ ಸ್ವರೂಪವನ್ನು ಕಿಂಚಿತ್ತೂ ಕದಲಿಸದು.

ಚಾವುಂಡರಾಯನ ಗುರುವಾದ ನೇಮಿಚಂದ್ರಾಚಾರ್ಯರ ‘ತ್ರಿಲೋಕಸಾರ’ದಲ್ಲಿ ಈ ತತ್ತ್ವದ ಅದ್ಭುತ ನಿರೂಪಣೆಯಿದೆ. ಲಕ್ಷ ಯೋಜನ ವ್ಯಾಸದ, ಸಾವಿರ ಯೋಜನ ಆಳದ ಕುಂಡವೊಂದನ್ನು ಸಾಸಿವೆಯಿಂದ ತುಂಬಿ, ದ್ವೀಪಕ್ಕೊಂದು ಸಮುದ್ರಕ್ಕೊಂದರಂತೆ ಹಾಕುತ್ತ ಹೋಗಿ, ಕಾಳು ಮುಗಿದೆಡೆಯವರೆಗಿನ ವಿಸ್ತಾರದಷ್ಟೇ ಅಗಲದ ಮತ್ತೊಂದು ಕುಂಡವನ್ನು ಕಲ್ಪಿಸಿ, ಅದನ್ನೂ ತುಂಬಿ ಹಾಗೆಯೇ ಬರಿದುಮಾಡುವ ಈ ಕ್ರಮವನ್ನು ಕಲ್ಪನೆಯೇ ದಣಿಯುವಷ್ಟು ಸಲ ಆವರ್ತಿಸಿದಾಗ ಅಸಂಖ್ಯಾತದ ಮೊದಲ ಮೆಟ್ಟಿಲು ದೊರೆಯುತ್ತದೆ. ಅದರಿಂದ ಒಂದೇ ಒಂದನ್ನು ಕಳೆದರೆ ಉಳಿಯುವುದು ಸಂಖ್ಯಾತದ ಪರಮಾವಧಿ. ಎಣಿಕೆಗೆ ನಿಲುಕುವುದಕ್ಕೂ ನಿಲುಕದುದಕ್ಕೂ ನಡುವಣ ಅಂತರವು ಕೇವಲ ಒಂದು! ಇಂತಹ ನಿಷ್ಕೃಷ್ಟತೆಯನ್ನು ನಾನು ಕಾವ್ಯದಲ್ಲಿಯೂ ವಿರಳವಾಗಿ ಕಂಡಿದ್ದೇನೆ. ಅನಂತವಾದರೋ ಇದರಿಂದ ಇನ್ನೂ ಬಹುದೂರ; ಅದು ಕೇವಲಜ್ಞಾನಕ್ಕೆ ಮಾತ್ರ ಗೋಚರವೆಂದು ಆಚಾರ್ಯರ ಮತ.

ಬೃಹತ್ಸಂಖ್ಯೆಗೂ ಸ್ವಭಾವವುಂಟೆಂದು ಬಗೆದವರು ಅದರ ಗುಣಗಳನ್ನು ಶೋಧಿಸದೆ ಇರುವರೆ? ‘ಧವಳಾ’ ಟೀಕೆಯ ವೀರಸೇನಾಚಾರ್ಯರು ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬುದನ್ನು ‘ಅರ್ಧಚ್ಛೇದ’ವೆಂದು ಕರೆದರು, ಮೂವತ್ತೆರಡರ ಅರ್ಧಚ್ಛೇದ ಐದು. ನೃಪತುಂಗ ಅಮೋಘವರ್ಷನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ಸುಮಾರು 850ರಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೇಳಿ, ಎಡದಿಂದಲೂ ಬಲದಿಂದಲೂ ಒಂದೇ ಆಗಿ ತೋರುವ ಗುಣಲಬ್ಧಗಳನ್ನು ಕಂಠಾಭರಣಗಳೆಂದು ವರ್ಣಿಸಿದನು. 142857143ನ್ನು 7ರಿಂದ ಗುಣಿಸಿದರೆ 1000000001. ಈ ಹಾರದ ಎರಡು ತುದಿಗಳ ನಡುವೆ ಬರಿಯ ಸೊನ್ನೆಗಳೇ ಕಂಡರೂ ಅದರ ಒಡಲಲ್ಲಿ 7, 11, 13, 19, 52579 ಎಂಬ ಐದು ಅವಿಭಾಜ್ಯಗಳು ಅಡಗಿವೆ. ಬೇರಾವ ಅವಿಭಾಜ್ಯವೂ ಅದನ್ನು ಭಾಗಿಸದು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಶಾಲೆಗಳಲ್ಲಿ ಉಪಾಧ್ಯಾಯರು ಈ ಲೆಕ್ಕವನ್ನು ಮಹಾವೀರಾಚಾರ್ಯನ ಹೆಸರಿನೊಡನೆಯೇ ಮಕ್ಕಳಿಗೆ ಕೊಡಬೇಕು. ಗುಣಾಕಾರ ಮುಗಿದ ಮೇಲೆ ಬಂದ ಗುಣಲಬ್ಧವನ್ನು 1001ರಿಂದ ಭಾಗಿಸಿ ನೋಡಲು ಹೇಳಲಿ, ಶೇಷ ಉಳಿಯುವುದಿಲ್ಲ.