‘ಸಿಗಲಿಲ್ಲ’ ಮತ್ತು ‘ಒಲ್ಲೆ’

ಪರದೇಶದ ಅಡುಗೆಯನ್ನು ನಮ್ಮ ಒಲೆಯ ಮೇಲೆ ಮಾಡುವಾಗ ಅದರಲ್ಲಿ ಏನನ್ನು ಬಿಡಬಹುದು, ಏನನ್ನು ಬಿಟ್ಟರೆ ಅದು ಬೇರೆಯೇ ಆಗಿಬಿಡುತ್ತದೆ? ಅನುವಾದಕರ ಮುಂದೆ ಈ ಪ್ರಶ್ನೆ ಇಟ್ಟರೆ ಎರಡು ದಿನದ ವಿಚಾರಸಂಕಿರಣ ನಡೆಯುತ್ತದೆ. ಅಡುಗೆ ಮಾಡುವವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಓದುತ್ತಿರುವುದು ಬಾಸೆಲ್ ಮಿಶನ್ನಿನ ಕನ್ನಡ ಗದ್ಯ. 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ ಆ ಮಿಶನ್ನಿನವರಲ್ಲಿ ಹಲವರು ಜರ್ಮನಿಯ ನೈಋತ್ಯದ ವುರ್ಟೆಂಬೆರ್ಗ್ ಸೀಮೆಯವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದೂ ಅಲ್ಲೇ. ಆ ಸೀಮೆಯ ಹೆಸರಾದ ಮನೆಯೂಟವೆಂದರೆ ಹುಳಿ ಹಿಂಡಿದ ಚನ್ನಂಗಿ ಕಾಳು, ಜೊತೆಗೆ ಗೋದಿಹಿಟ್ಟಿನ ಸ್ಪೆಟ್ಜ್ಲೆ. ಅವರ ಪತ್ರಿಕೆ, ನಿಘಂಟು ಓದುವವಳಿಗೆ ಅವರ ತಾಟಿನಲ್ಲಿ ಏನಿರುತ್ತದೆ ಎಂಬುದೂ ಬೇಕೆನಿಸಿತು.

ಮೊದಲು ಮಾಡಿದ್ದು ಸವರ್‌ಕ್ರೌಟ್. ಗಾಂಧಿ ಚೌಕದ ಕಡೆಯಿಂದ ತಂದ ಒಂದು ಕಿಲೋ ಎಲೆಕೋಸು, 20 ಗ್ರಾಂ ಉಪ್ಪು, ಅಷ್ಟೇ. ಸಣ್ಣಗೆ ಹೆಚ್ಚಿ, ನೀರು ಬಿಡುವವರೆಗೆ ಉಪ್ಪಿನಲ್ಲಿ ಹಿಸುಕಿ, ಭರಣಿಯಲ್ಲಿ ಒತ್ತಿ ತುಂಬಬೇಕು. ಎಲೆ ತನ್ನ ನೀರಿನಲ್ಲೇ ಮುಳುಗಿರಬೇಕು. ಎಲೆಗೆ ಅಂಟಿಕೊಂಡೇ ಬಂದ ಬ್ಯಾಕ್ಟೀರಿಯಾಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. 20 ಡಿಗ್ರಿಯ ಆಸುಪಾಸಿನಲ್ಲಿ ಮೂರು-ನಾಲ್ಕು ವಾರ ಬೇಕು. ನಮ್ಮ 40 ಡಿಗ್ರಿಯ ಬೇಸಿಗೆಯಲ್ಲಿ ಎಲೆ ಮೆತ್ತಗಾಗಿ ಕೆಡುತ್ತದೆ, ಚಳಿಗಾಲವೇ ಸರಿ. ಊರಿನಿಂದ ಬಂದಿದ್ದ ಅವ್ವ ಭರಣಿಯ ಮುಚ್ಚಳ ತೆಗೆದು ಮೂಸಿ, “ಇದೇನ್ ಹೊಸಾದಲ್ಲ ಬಿಡವಾ, ನಮ್ಮ ಕರಿಂಡಿ ಜಾತೀದ ಐತಿ” ಎಂದಳು. ಅಗಸಿ, ಹಸಿಮೆಣಸಿನಕಾಯಿ ಕೂಡಿಸಿ ಹುಳಿ ಬರಿಸುವ ಕರಿಂಡಿಯ ಕಾಲವೂ ಚಳಿಗಾಲವೇ.

‘ಸಾಂಪ್ರದಾಯಿಕ’ ಎಂಬ ಪದಕ್ಕೆ ನಾವು ಕೊಡುವ ಮರ್ಯಾದೆ ತುಸು ಹೆಚ್ಚೇ. ಜರ್ಮನರ ಆಲೂಗಡ್ಡೆಯೂ ನಮ್ಮ ರಂಜಕದ ಮೆಣಸಿನಕಾಯಿಯೂ ಅಮೆರಿಕದಿಂದ ಹಡಗು ಹತ್ತಿ ಬಂದವು. ಆಲೂಗಡ್ಡೆ ಬೆಳೆಯಿರೆಂದು ಪ್ರಶಿಯಾದ ದೊರೆ ಎರಡನೇ ಫ್ರೆಡ್ರಿಕ್ 1756ರಲ್ಲಿ ಆಜ್ಞೆಯನ್ನೇ ಹೊರಡಿಸಬೇಕಾಯಿತು. 1949ರಲ್ಲಿ ಬರ್ಲಿನ್ನಿನ ಹೆರ್ಟಾ ಹೊಯ್ವರ್ ಸಾಸೇಜಿನ ಮೇಲೆ ಕರ್ರಿ ಪೌಡರ್ ಬೆರೆಸಿದ ಸಾಸ್ ಸುರಿದು ಮಾರಿದಳು. ಇವತ್ತು ಕರ್ರಿವುರ್ಸ್ಟ್ ಅಪ್ಪಟ ಜರ್ಮನ್ ತಿನಿಸು. ನಮ್ಮನ್ನು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಹಾಗಿರುವಾಗ ಚನ್ನಂಗಿ ಕಾಳಿಗೆ ವಿನೆಗರ್ ಬದಲು ಹುಣಸೆಹುಳಿ ಹಿಂಡಿದರೆ ಅದು ದ್ರೋಹವಲ್ಲ. ಕೈಗೆ ಸಿಕ್ಕದ್ದರಲ್ಲಿ ಮಾಡಿಕೊಂಡದ್ದೇ ಮನೆಯಡುಗೆ.

ಆದರೆ ಇದೇ ಮಾತನ್ನು ಎಲ್ಲದಕ್ಕೂ ಎಳೆಯಲು ಬರುವುದಿಲ್ಲ. ಆ ಕಾಳಿನ ಜೊತೆ ಅವರು ಸಾಸೇಜ್ ತಿನ್ನುತ್ತಾರೆ. ನಾನು ಮಾಂಸ ತಿನ್ನುವುದಿಲ್ಲ, ಬಿಟ್ಟೆ. ಇದು ‘ಸಿಗಲಿಲ್ಲ’ ಅಲ್ಲ, ‘ಒಲ್ಲೆ’. ಒಲ್ಲೆ ಅನ್ನುವುದು ತಪ್ಪಲ್ಲ. ಒಲ್ಲೆ ಎಂದು ಬಾಯಿಬಿಟ್ಟು ಹೇಳಿದರೆ ಎದುರಿನವರ ಊಟ ಅವರದಾಗಿಯೇ ಉಳಿಯುತ್ತದೆ. ಅದನ್ನು ‘ಶುದ್ಧ ಶಾಕಾಹಾರಿ ಜರ್ಮನ್ ಊಟ’ ಎಂದು ಕರೆದಾಗ ಮಾತ್ರ ನನಗೆ ಕಸಿವಿಸಿ. ಆ ‘ಶುದ್ಧ’ದ ಅರ್ಥವೇನು? ಅವರ ತಾಟು ಮೈಲಿಗೆಯಾಗಿತ್ತು, ನಾವು ತೊಳೆದೆವು ಎಂದೇ?

ಸ್ಪೆಟ್ಜ್ಲೆಗೆ ಬಂದಾಗ ಈ ಲೆಕ್ಕವೂ ಸಾಲಲಿಲ್ಲ. ಅದಕ್ಕೆ ತತ್ತಿ ಬೇಕೇ ಬೇಕು. ತತ್ತಿ ಓಣಿಯ ಅಂಗಡಿಯಲ್ಲೇ ಸಿಗುತ್ತದೆ. ಒಲ್ಲೆ ಅನ್ನುವವಳು ನಾನಲ್ಲ. ಅಡ್ಡ ಬಂದದ್ದು ಬಾಡಿಗೆ ಖೋಲಿಯ ಕರಾರು. ಖೋಲಿ ಹುಡುಕಿದವರಿಗೆಲ್ಲ ಗೊತ್ತಿರುವ ಪ್ರಶ್ನೆ: “ನಿಮ್ಮ ಊಟಾ ಹೆಂಗವಾ?” ಕೇಳುವುದು ಊಟ, ತಿಳಿಯಬೇಕಾದದ್ದು ಜಾತಿ. ಮನೆಯವರ ‘ಒಲ್ಲೆ’ ಅವರ ತಾಟಿಗೆ ಸಲ್ಲುತ್ತದೆ. ನನ್ನ ಒಲೆಗೂ ಸಲ್ಲುತ್ತದೆಯೇ? ಒಪ್ಪಿ ಬಂದವಳು ಮುರಿಯಬಾರದು ಎಂಬ ವಾದವಿದೆ, ಅದು ಹಗುರದ್ದಲ್ಲ. ಆದರೆ ಹತ್ತು ಮನೆ ಕೇಳಿ ಹತ್ತರಲ್ಲೂ ಅದೇ ಕರಾರಿದ್ದರೆ ನಾನು ಒಪ್ಪಿದ್ದು ಯಾವುದಕ್ಕೆ?

ಕೊನೆಗೆ ಗೆಳತಿಯ ಮನೆಯಲ್ಲಿ ಮಾಡಿದೆವು. ಹಿಟ್ಟು, ತತ್ತಿ, ಉಪ್ಪು, ನೀರು ಸೇರಿಸಿ ಗುಳ್ಳೆ ಏಳುವವರೆಗೆ ಬಡಿದು, ಮಣೆಯ ಅಂಚಿನಿಂದ ಚಾಕುವಿನಲ್ಲಿ ಎಳೆ ಎಳೆಯಾಗಿ ಕುದಿವ ನೀರಿಗೆ ಕೆರೆದು ಹಾಕಿದೆವು. ಬೆಂದದ್ದು ತಾನೇ ಮೇಲೆ ತೇಲುತ್ತದೆ. ಅವಳ ತಾಯಿ ಒಂದು ಎಳೆ ಎತ್ತಿ ನೋಡಿ, “ಶಾವಿಗೀನೂ ಅಲ್ಲ, ಗೌಲೀನೂ ಅಲ್ಲ” ಎಂದು ನಕ್ಕು, ಮೇಲೆ ಹುಣಸೆಹುಳಿಯ ಕಾಳು ಸುರಿದುಕೊಟ್ಟರು. ಉಳಿದದ್ದನ್ನು ಖೋಲಿಗೆ ಒಯ್ಯಲು ಡಬ್ಬಿಯಲ್ಲಿ ಹಾಕಿಕೊಡುತ್ತೇನೆ ಅಂದರು. ಬೇಡ ಚಾಚಿ ಎಂದು ಅಲ್ಲೇ ಕೂತು ಎರಡನೇ ಸಲ ಹಾಕಿಸಿಕೊಂಡೆ.