ಉತಾರದಲ್ಲಿಲ್ಲದ ರೈತ

ರೈತನೆಂದರೆ ಯಾರು? ಊರನ್ನು ಕೇಳಿದರೆ, ಹೊಲದಲ್ಲಿ ದುಡಿಯುವವ. ಕಚೇರಿಯನ್ನು ಕೇಳಿದರೆ, ಉತಾರದಲ್ಲಿ ಹೆಸರಿರುವವ. ಇಬ್ಬರೂ ಒಬ್ಬನೇ ಆಗಿದ್ದಲ್ಲಿ ತಕರಾರಿಲ್ಲ. ಬೇರೆಯಾದಾಗ ಸರ್ಕಾರದ ಹಣ ಯಾರದು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಹಾವೇರಿ ಜಿಲ್ಲೆಯಲ್ಲಿ ತಂದೆಯಿಂದ ಬಂದ ಮೂರು ಎಕರೆ ಹೊಲ ನನ್ನ ಹೆಸರಿನಲ್ಲಿದೆ. ನಾನು ಹುಬ್ಬಳ್ಳಿಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಆ ಹೊಲವನ್ನು ಲಾವಣಿಗೆ ಹಿಡಿದು ಗೋವಿನಜೋಳ ಬೆಳೆಯುವಾತ ಊರಿನವನೇ ಆದ ಇನ್ನೊಬ್ಬ. ಮಳೆ ಕೈಕೊಟ್ಟರೆ ಸಾಲ ಅವನದು, ನಿದ್ದೆಗೆಡುವವನೂ ಅವನೇ. 2019ರಲ್ಲಿ ಪಿಎಂ-ಕಿಸಾನ್ ಯೋಜನೆ ಬಂದಾಗ ವರ್ಷದ 6,000 ರೂಪಾಯಿ, ಎರಡೆರಡು ಸಾವಿರದ ಮೂರು ಕಂತುಗಳಲ್ಲಿ, ನನ್ನ ಖಾತೆಗೆ ಬರತೊಡಗಿತು. ಆದಾಯ ತೆರಿಗೆ ಕಟ್ಟುವವರಂಥ ಕೆಲವರನ್ನು ಹೊರಗಿಟ್ಟ ಆ ಯೋಜನೆಗೆ ಭೂಮಿಯ ಒಡೆತನವೇ ಅಳತೆ, ಉಳುವವನು ಯಾರೆಂಬುದಲ್ಲ. ಹೀಗಾಗಿ ಕಾನೂನಿನ ಪ್ರಕಾರ ಹಣ ನನ್ನದೇ.

ಮೊದಲ ಕಂತಿನಿಂದಲೂ ನಾನು ಅದನ್ನು ಅವನಿಗೇ ಮುಟ್ಟಿಸುತ್ತ ಬಂದಿದ್ದೇನೆ. ಅಲ್ಲಿಗೆ ಪ್ರಶ್ನೆ ಮುಗಿಯಿತೆಂದು ಓದುಗರು ಭಾವಿಸಬಹುದು. ಆದರೆ ಅವನು ಒಮ್ಮೆ ಹೇಳಿದ ಮಾತು ಕೇಳಿ: “ಸರ್ಕಾರ ಕೊಟ್ಟಿದ್ದು ನಿಮಗರೀ ಅಣ್ಣಾರ. ನೀವು ನನಗ ಕೊಡಾಕತ್ತೀರಿ. ನಿಮ್ಮ ಉಪಕಾರ ಹೆಂಗ ಮರೀಲಿ?” ಹಕ್ಕಾಗಿ ಬರಬೇಕಾದದ್ದು ನನ್ನ ಕೈ ದಾಟಿದ್ದರಿಂದ ಉಪಕಾರವಾಗಿಬಿಟ್ಟಿತ್ತು. ಮುಂದಿನ ವರ್ಷ ನಾನು ಲಾವಣಿ ಹೆಚ್ಚಿಸಿದರೆ, ಉಪಕಾರ ಹೊತ್ತವನು ಎದುರಾಡುವುದು ಹೇಗೆ? ಒಡೆಯನ ಒಳ್ಳೆಯತನವನ್ನು ನೆಚ್ಚಿಕೊಂಡ ನ್ಯಾಯ, ಅವನ ಮನಸ್ಸು ಬದಲಾಗುವವರೆಗಿನ ನ್ಯಾಯ.

ವಿಚಿತ್ರವೆಂದರೆ, ಇವನನ್ನು ಕಾಗದದಿಂದ ಮರೆಯಾಗಿಸಿದ್ದು ಉಳುವವನ ಪರವಾದ ಕಾನೂನೇ. ದೇವರಾಜ ಅರಸು ಸರ್ಕಾರದ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿಸಿತು. ಸೈನಿಕರು, ನಾವಿಕರಂಥವರ ಭೂಮಿಯನ್ನು ಬಿಟ್ಟರೆ ಹೊಸ ಗೇಣಿಯನ್ನು ನಿಷೇಧಿಸಿತು. ಅದು ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾಗದ ಮಾಡಿಕೊಟ್ಟರೆ ಹೊಲ ಹೋದೀತೆಂದು ಒಡೆಯನಿಗೆ ಭಯ. ಕಾಗದ ಕೇಳಿದರೆ ಹೊಲ ಬಿಡಿಸಿಯಾರೆಂದು ಉಳುವವನಿಗೆ ಭಯ.

ಉತಾರ ಬಿಟ್ಟರೆ ರೈತನನ್ನು ಗುರುತಿಸುವುದು ಹೇಗೆ, ಯಾರು ಬೇಕಾದರೂ ಬಂದು ಕೇಳುವುದಿಲ್ಲವೇ ಎಂದು ಅಧಿಕಾರಿಗಳು ಕೇಳಬಹುದು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆಂಧ್ರಪ್ರದೇಶ 2019ರಲ್ಲಿ ಒಂದು ದಾರಿ ಹುಡುಕಿತು: ಒಡೆತನಕ್ಕೆ ಧಕ್ಕೆಯಾಗದಂತೆ, ಹನ್ನೊಂದು ತಿಂಗಳ ಮಟ್ಟಿಗೆ ಬೆಳೆಯ ಹಕ್ಕನ್ನಷ್ಟೇ ಸಾಗುವಳಿದಾರನಿಗೆ ಕೊಡುವ ಕರಾರು. ಆದರೆ ಅದಕ್ಕೂ ಒಡೆಯನ ಸಹಿ ಬೇಕು. ಅಲ್ಲಿಯೂ ಹಕ್ಕು ಮತ್ತೊಬ್ಬರ ಲೇಖನಿಗೆ ಕಾಯುತ್ತದೆ.

ಗೊಬ್ಬರದ ಸಬ್ಸಿಡಿ ನೋಡಿ. ಅದು ಯೂರಿಯಾ ಚೀಲದ ಬೆಲೆಯಲ್ಲೇ ಸೇರಿ ಬರುತ್ತದೆ. ಚೀಲ ಹೊತ್ತವನು ಯಾರಿಗೂ ಕೈಮುಗಿಯಬೇಕಿಲ್ಲ. ಅದರಲ್ಲಿ ಬೇರೆ ಕೊರತೆಗಳಿರಬಹುದು, ಈ ಒಂದು ಗುಣವಂತೂ ಇದೆ. ಉಳುವವನಿಗೆ ಕೊಡುವುದು ಅವನ ತಲೆ ತಗ್ಗಿಸದಂತೆ ತಲುಪಬೇಕು. ನನ್ನ ಕೈಯಿಂದ ಎಷ್ಟು ಕೊಟ್ಟರೂ ಆ ಒಂದನ್ನು ಮಾತ್ರ ನಾನು ಕೊಡಲಾರೆ.